ಫಂಕ್ಷನಲ್ ಮೆಡಿಸಿನ್‌ನ ಸ್ಪೆಷಲ್ ಲ್ಯಾಬ್ ಪರೀಕ್ಷೆ: ಕಾಸರಗೋಡಿನವರಿಗೆ ಹಂತ ಹಂತದ ಮಾರ್ಗದರ್ಶಿ

ಫಂಕ್ಷನಲ್ ಮೆಡಿಸಿನ್ (ಕಾಯಿಲೆಯ ಮೂಲ ಕಾರಣ ಹುಡುಕುತ್ತೇವೆ ಎನ್ನುವ ಪದ್ಧತಿ) ಡಾಕ್ಟರನ್ನು ಕಂಡು ಬಂದವರ ಕೈಯಲ್ಲಿ ಉದ್ದನೆಯ ಪಟ್ಟಿ ಇರುತ್ತದೆ. ಹೋಮೋಸಿಸ್ಟೀನ್ (ರಕ್ತದಲ್ಲಿರುವ ಒಂದು ಅಮೈನೊ ಆಸಿಡ್), ಖಾಲಿಹೊಟ್ಟೆಯ ಇನ್ಸುಲಿನ್, ನಾಲ್ಕು ಹೊತ್ತಿನ ಕಾರ್ಟಿಸಾಲ್ (ಒತ್ತಡದ ಹಾರ್ಮೋನು), ಮೂತ್ರದ ಆರ್ಗ್ಯಾನಿಕ್ ಆಸಿಡ್, ಹೆವಿ ಮೆಟಲ್ (ಸೀಸ, ಪಾದರಸದಂಥ ಲೋಹ), ಆಹಾರದ ಐಜಿಜಿ (ಆಹಾರಕ್ಕೆ ರಕ್ತದಲ್ಲಿ ಹುಟ್ಟುವ ಪ್ರತಿಕಾಯ), ಮಲದ ಪರೀಕ್ಷೆ. ಒಟ್ಟು ಸೇರಿದರೆ ಸಾವಿರಗಟ್ಟಲೆ ಖರ್ಚು. ರಕ್ತ ತೆಗೆಯುವುದು ಮಂಜೇಶ್ವರದಲ್ಲೋ ಬದಿಯಡ್ಕದಲ್ಲೋ ಆದರೂ ಪರೀಕ್ಷೆ ನಡೆಯುವುದು ಮಂಗಳೂರಿನಲ್ಲಿ, ಇಲ್ಲವೇ ಇನ್ನೂ ದೂರದ ಊರಿನಲ್ಲಿ.

ಆಮೇಲೆ ರಿಪೋರ್ಟು ಬರುತ್ತದೆ, ಅರ್ಧಕ್ಕರ್ಧ ಕೆಂಪು ಅಕ್ಷರ. "ಇದೇನು ನೋಡಿ" ಎಂದು ಕಳಿಸುವವರು ತುಂಬ ಜನ. ವಿಚಾರಿಸಿದರೆ ಹೆಚ್ಚಿನ ಸಲ ಕೆಟ್ಟಿರುವುದು ಲ್ಯಾಬಿನ ಯಂತ್ರದಲ್ಲಲ್ಲ. ರಕ್ತ ಕೊಡುವ ಮೊದಲೇ ತಪ್ಪಾಗಿರುತ್ತದೆ, ಇಲ್ಲವೇ ಕೊಟ್ಟ ಮೇಲೆ ಗಡಿಯ ತಲಪಾಡಿ ದಾಟುವಷ್ಟರಲ್ಲಿ ಸ್ಯಾಂಪಲ್ ಹಾಳಾಗಿರುತ್ತದೆ. ಅದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ತಯಾರಿಗೆ ಮತ್ತು ಸ್ಯಾಂಪಲ್‌ಗೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಮೊದಲು ಹೊಂದಿಸಿಕೊಳ್ಳಬೇಕಾದ್ದು

ಒಂದು ನೋಟ್‌ಬುಕ್. ನೀರಿಗೆ ಅಳಿಯದ ಮಾರ್ಕರ್ ಪೆನ್. ತಿನ್ನುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ನ ಫೋಟೋ. ಕೂದಲಿಗೆ, ಉಗುರಿಗೆ ಎಂದು ತೆಗೆದುಕೊಳ್ಳುವ ವಿಟಮಿನ್, ಕಷಾಯ, ಲೇಹ್ಯ, ಚರ್ಮಕ್ಕೆ ಹಚ್ಚುವ ಕ್ರೀಮು ಕೂಡ. ಹಳೆಯ ರಿಪೋರ್ಟುಗಳು. ಮನೆಯಲ್ಲಿ ಸ್ಯಾಂಪಲ್ ತೆಗೆಯುವುದಾದರೆ ಸಣ್ಣ ಐಸ್ ಬಾಕ್ಸ್ ಮತ್ತು ಎರಡು ಐಸ್ ಪ್ಯಾಕ್. ಇಷ್ಟು ಸಾಕು.

## ಹಂತ 1: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

"ದೇಹ ಒಮ್ಮೆ ಪೂರ್ತಿ ಚೆಕ್ ಮಾಡಿಸೋಣ" ಎನ್ನುವುದು ಪ್ರಶ್ನೆಯಲ್ಲ. "ಆರು ತಿಂಗಳಿಂದ ಸುಸ್ತು, ಕೂದಲು ಉದುರುತ್ತಿದೆ, ಕಾರಣ ಏನು?" ಇದು ಪ್ರಶ್ನೆ. ಪ್ರತಿ ಪರೀಕ್ಷೆಯ ಎದುರು ಇನ್ನೊಂದು ಸಾಲು ಬರೆಯಿರಿ: ಫಲಿತಾಂಶ ಜಾಸ್ತಿ ಬಂದರೆ ಏನು ಮಾಡುತ್ತೇವೆ, ಕಮ್ಮಿ ಬಂದರೆ ಏನು ಮಾಡುತ್ತೇವೆ? ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪರೀಕ್ಷೆ ಬೇಡ. ಡಾಕ್ಟರ ಹತ್ತಿರವೇ ಇದನ್ನು ಕೇಳಿ. ಸರಿಯಾದ ಡಾಕ್ಟರು ಇದಕ್ಕೆ ಸಿಟ್ಟಾಗುವುದಿಲ್ಲ.

ಪಟ್ಟಿ ಬರೆದುಕೊಟ್ಟವರು ನಿಜಕ್ಕೂ ಡಾಕ್ಟರೇ ಎಂಬುದನ್ನೂ ನೋಡಿಕೊಳ್ಳಿ. ಫಂಕ್ಷನಲ್ ಮೆಡಿಸಿನ್ ಕೋರ್ಸ್ ಮಾಡಿದ ಕೋಚ್‌ಗಳೂ ಪಟ್ಟಿ ಬರೆಯುತ್ತಾರೆ. ರಾಜ್ಯದ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಚೀಟಿಯಲ್ಲಿ ಇರಬೇಕು.

ಎಚ್ಚರಿಕೆ: ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ಸಂಜೆ ಜ್ವರ, ಎದೆನೋವು, ಉಬ್ಬಸ, ಒಂದು ಬದಿಯ ಕೈಕಾಲು ಸೋಲುವುದು. ಇವು ಇದ್ದರೆ ಸ್ಪೆಷಲ್ ಪರೀಕ್ಷೆಯ ಮಾತೇ ಬೇಡ. ಎದೆನೋವು, ಉಬ್ಬಸ, ಕೈಕಾಲು ಸೋಲುವುದಾದರೆ ಆ ಕ್ಷಣವೇ, ಉಳಿದವಕ್ಕೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮೂರು ವಾರ ಕಾದು ಬರುವ ರಿಪೋರ್ಟು ಇಲ್ಲಿ ಉಪಯೋಗಕ್ಕಿಲ್ಲ.

## ಹಂತ 2: ಸಾದಾ ಪರೀಕ್ಷೆ ಮೊದಲು ಮುಗಿಸಿ

ಸುಸ್ತು, ಕೂದಲು ಉದುರುವುದು, ಮೈಕೈ ನೋವು ಎಂದು ಬರುವವರಲ್ಲಿ ಬಹಳ ಜನರ ಉತ್ತರ ಸಾದಾ ಪಟ್ಟಿಯಲ್ಲೇ ಸಿಗುತ್ತದೆ. ರಕ್ತಕಣಗಳ ಎಣಿಕೆ, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಥೈರಾಯ್ಡಿಗೆ ಟಿಎಸ್‌ಎಚ್, ಸಕ್ಕರೆ ಮತ್ತು ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಕಿಡ್ನಿಗೆ ಕ್ರಿಯಾಟಿನಿನ್, ಲಿವರ್, ಮೂತ್ರ. ಮೀನು ಮೊಟ್ಟೆ ಮುಟ್ಟದ ಮನೆಯವರಿಗೆ ಬಿ12 ಕೂಡ. ಇವುಗಳಲ್ಲಿ ಕೆಲವನ್ನು ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲೇ ಕಡಿಮೆ ಖರ್ಚಿನಲ್ಲಿ ಮಾಡಿಸಬಹುದು. ಉಳಿದದ್ದಕ್ಕೆ ತಾಲೂಕು ಆಸ್ಪತ್ರೆಯಲ್ಲೋ ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲೋ ವಿಚಾರಿಸಿ.

ಸ್ಪೆಷಲ್ ಪರೀಕ್ಷೆ ಬರಬೇಕಾದ್ದು ಇದರ ನಂತರ. ಉದಾಹರಣೆಗೆ ಬಿ12 ರಿಪೋರ್ಟು 200ರಿಂದ 300ರ ನಡುವೆ ನಿಂತಿದೆ ಎನ್ನಿ, ಕಮ್ಮಿ ಎನ್ನಲೂ ಆಗದು, ಸಾಕು ಎನ್ನಲೂ ಆಗದು. ಆಗ ಬಿ12 ಕಮ್ಮಿಯಾದರೆ ರಕ್ತದಲ್ಲಿ ಏರುವ ಮೀಥೈಲ್‌ಮಲೋನಿಕ್ ಆಸಿಡ್ ಮಾಡಿಸುವುದಕ್ಕೆ ಅರ್ಥವಿದೆ. ಆದರೆ ಕಿಡ್ನಿ ತೊಂದರೆ ಇದ್ದರೂ ಅದು ಏರುತ್ತದೆ. ಕ್ರಿಯಾಟಿನಿನ್ ಗೊತ್ತಿಲ್ಲದೆ ಅದನ್ನು ಓದಲಾಗದು. ಸಾದಾ ಪಟ್ಟಿ ಮೊದಲು ಎನ್ನುವುದು ದುಡ್ಡು ಉಳಿಸಲು ಮಾತ್ರವಲ್ಲ.

ಪ್ಯಾಕೇಜ್ ಬಗ್ಗೆ ಒಂದು ಲೆಕ್ಕ. ಲ್ಯಾಬಿನ "ನಾರ್ಮಲ್" ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ 100ಕ್ಕೆ 95 ಜನ ಒಳಗೆ ಬರುವಂತೆ ಗೆರೆ ಹಾಕಿರುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದ 5 ಜನ ಹೊರಗೆ ಬಿದ್ದೇ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಗಟ್ಟಿಮುಟ್ಟಾದ ಮನುಷ್ಯನಿಗೂ ಕನಿಷ್ಠ ಒಂದು ಕೆಂಪು ಅಕ್ಷರ ಬರುವ ಸಾಧ್ಯತೆ 64 ಶೇಕಡ. 80 ಪರೀಕ್ಷೆಯ ಪ್ಯಾಕೇಜ್ ಆದರೆ 98 ಶೇಕಡ. ಆ ಒಂದು ಕೆಂಪು ಅಕ್ಷರದ ಹಿಂದೆ ಓಡಾಡಿಯೇ ಆರು ತಿಂಗಳು ಕಳೆದವರಿದ್ದಾರೆ.

## ಹಂತ 3: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬೇಕು

ಆಹಾರದ ಐಜಿಜಿ ಪರೀಕ್ಷೆ. ಬಿಡಿ. ನೂರಾರು ಆಹಾರದ ಪಟ್ಟಿ ಬರುತ್ತದೆ, ನಮ್ಮ ಕಡೆಯವರ ರಿಪೋರ್ಟಿನಲ್ಲಿ ಕೆಂಪಾಗಿ ಕಾಣುವುದು ಅಕ್ಕಿ, ತೆಂಗಿನಕಾಯಿ, ಹಾಲು. ದಿನಾ ಕುಚ್ಚಲಕ್ಕಿ ಗಂಜಿ, ಕಾಯಿ ಹಾಕಿದ ಸಾಂಬಾರು, ಮೊಸರು ಉಣ್ಣುವವರಿಗೆ ಅದಲ್ಲದೆ ಇನ್ನೇನು ಬರಬೇಕು? ಐಜಿಜಿ ಹೇಳುವುದು ಆ ಆಹಾರ ನಿಮ್ಮ ದೇಹಕ್ಕೆ ಪರಿಚಯವಿದೆ ಎಂದು, ಆಗುವುದಿಲ್ಲ ಎಂದಲ್ಲ. ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲಿ, ಅಮೆರಿಕದವರು 2010ರಲ್ಲಿ ಇದನ್ನು ಬಳಸಬೇಡಿ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ನಿಜವಾದ ಅಲರ್ಜಿಯ ಅನುಮಾನಕ್ಕೆ ಐಜಿಇ ರಕ್ತಪರೀಕ್ಷೆ ಇದೆ, ಚರ್ಮದ ಪರೀಕ್ಷೆ ಇದೆ. ರಿಪೋರ್ಟು ನಂಬಿ ಮಕ್ಕಳ ಹಾಲು ಅನ್ನ ಬಿಡಿಸುವುದಂತೂ ಬೇಡವೇ ಬೇಡ.

ಗೋಧಿ ಆಗುವುದಿಲ್ಲ ಎಂಬ ಅನುಮಾನ. ಇದಕ್ಕೆ ಸರಿಯಾದ ಪರೀಕ್ಷೆ ಟಿಟಿಜಿ-ಐಜಿಎ (ಗೋಧಿಯಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ಪರೀಕ್ಷೆ), ಜೊತೆಗೆ ಒಟ್ಟು ಐಜಿಎ. ಮಾಡಿಸಿ. ಆದರೆ ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು. ನಮ್ಮಲ್ಲಿ ಮೂರು ಹೊತ್ತೂ ಅಕ್ಕಿಯೇ ಆದ ಮನೆಗಳುಂಟು, ಅಂಥವರು ಡಾಕ್ಟರಿಗೆ ಮೊದಲೇ ಹೇಳಬೇಕು. ಕೆಲವು ವಾರ ದಿನವೂ ಚಪಾತಿ ತಿಂದು ಆಮೇಲೆ ರಕ್ತ ಕೊಡಲು ಹೇಳುತ್ತಾರೆ.

ಹೆವಿ ಮೆಟಲ್. ಇಲ್ಲಿ ಸ್ವಲ್ಪ ನಿಲ್ಲಬೇಕು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಕಡೆಯವರು ಎಂಡೋಸಲ್ಫಾನ್ ಭಯದಿಂದ ಈ ಪ್ಯಾನೆಲ್ ಮಾಡಿಸುತ್ತಾರೆ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದದ್ದನ್ನು ಕಂಡವರಿಗೆ ಆ ಭಯ ಇರುವುದು ಸಹಜ. ಆದರೆ ಎಂಡೋಸಲ್ಫಾನ್ ಲೋಹವಲ್ಲ, ಕ್ಲೋರಿನ್ ಇರುವ ಕೀಟನಾಶಕ. ಸೀಸ, ಪಾದರಸ, ಆರ್ಸೆನಿಕ್ ಹುಡುಕುವ ಪರೀಕ್ಷೆಯಲ್ಲಿ ಅದು ಕಾಣಿಸುವುದೇ ಇಲ್ಲ. ಕುಂಬಳೆ ಬಸ್ಸು ಹತ್ತಿ ಪುತ್ತೂರು ಯಾಕೆ ಬರಲಿಲ್ಲ ಎಂದು ಕೇಳಿದ ಹಾಗಾಗುತ್ತದೆ. ಕೀಟನಾಶಕದ್ದೇ ಪರೀಕ್ಷೆ ಮಾಡಿಸಿದರೂ ಹಳೆಯ ಸಿಂಪಡಣೆಯ ಲೆಕ್ಕ ಇಂದಿನ ರಕ್ತದಲ್ಲಿ ಸಿಗದು. ಆ ಊರಿನವರಿಗೆ ತೊಂದರೆ ಇದ್ದರೆ ಬೇಕಾದ್ದು ನರ, ಚರ್ಮ, ಹಾರ್ಮೋನು ಎಂದು ಆಯಾ ಅಂಗದ ತಪಾಸಣೆ ಮತ್ತು ಹಳೆಯ ದಾಖಲೆ.

ಹಾಗಾದರೆ ಲೋಹದ ಪರೀಕ್ಷೆ ಯಾರಿಗೆ? ಬ್ಯಾಟರಿ, ಬಣ್ಣ, ಬೆಸುಗೆ ಕೆಲಸದವರಿಗೆ. ಭಸ್ಮ ಸೇರಿದ ಔಷಧಿ ತುಂಬ ಕಾಲ ತಿಂದವರಿಗೆ. ಸೀಸಕ್ಕೆ ರಕ್ತ ಕೊಡಬೇಕು, ಮೂತ್ರವಲ್ಲ. ಮೀನಿನಿಂದ ಬರುವ ಪಾದರಸಕ್ಕೂ ರಕ್ತವೇ. ಮೂತ್ರ ಕೊಡುವ ಮೊದಲು "ಲೋಹ ಹೊರಗೆ ತರುವ ಔಷಧಿ" ಕೊಟ್ಟು ಅಳೆಯುವ ಕ್ರಮ ಕೆಲವರಲ್ಲಿದೆ. ಒಪ್ಪಬೇಡಿ. ಔಷಧಿ ಕೊಟ್ಟರೆ ಯಾರ ಮೂತ್ರದಲ್ಲೂ ಲೋಹ ಏರುತ್ತದೆ. ಆ ಅಂಕಿಯನ್ನು ಹೋಲಿಸಲು ಸರಿಯಾದ ನಾರ್ಮಲ್ ಮಿತಿಯೇ ಇಲ್ಲ.

ಕೂದಲಿನ ಖನಿಜ ಪರೀಕ್ಷೆ. 2001ರಲ್ಲಿ ಒಬ್ಬರದೇ ಕೂದಲನ್ನು ಅಮೆರಿಕದ 6 ಲ್ಯಾಬ್‌ಗಳಿಗೆ ಕಳಿಸಿ ನೋಡಿದ್ದರು. ಅಂಕಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ, ಕೆಲವು ಹತ್ತು ಪಟ್ಟು ಬೇರೆ. ಇಷ್ಟು ಸಾಕಲ್ವಾ?

ಎಂಟಿಎಚ್‌ಎಫ್‌ಆರ್ ಜೀನ್ (ಫೋಲೇಟ್ ವಿಟಮಿನ್ನಿನ ಬಳಕೆಗೆ ಸಂಬಂಧಿಸಿದ್ದು). ಎಲ್ಲರಿಗೂ ಬರೆಯುವ ಪರೀಕ್ಷೆ ಅಲ್ಲ ಎಂದು ಅಮೆರಿಕದ ಜೆನೆಟಿಕ್ಸ್ ತಜ್ಞರ ಸಂಘ 2013ರಲ್ಲೇ ಹೇಳಿದೆ.

ನಾಲ್ಕು ಹೊತ್ತಿನ ಜೊಲ್ಲಿನ ಕಾರ್ಟಿಸಾಲ್. ರಾತ್ರಿ ಹೊತ್ತಿನ ಒಂದು ಅಳತೆಗೆ ಕುಶಿಂಗ್ ಕಾಯಿಲೆ (ದೇಹದಲ್ಲಿ ಕಾರ್ಟಿಸಾಲ್ ಅತಿಯಾಗುವುದು) ಪತ್ತೆಯಲ್ಲಿ ಗಟ್ಟಿ ಜಾಗವಿದೆ. ಕಾರ್ಟಿಸಾಲ್ ತಯಾರಿಸುವ ಅಡ್ರೀನಲ್ ಗ್ರಂಥಿ ದಣಿದಿದೆ ಎಂದು "ಅಡ್ರೀನಲ್ ಸುಸ್ತು" ಎಂಬ ಹೆಸರಿನಲ್ಲಿ ಮಾಡಿಸುವುದನ್ನು ಹಾರ್ಮೋನು ತಜ್ಞರು ಒಪ್ಪುವುದಿಲ್ಲ. ಅಡ್ರೀನಲ್ ನಿಜವಾಗಿ ಸೋತಿದ್ದರೆ ಬೆಳಗಿನ ರಕ್ತದ ಕಾರ್ಟಿಸಾಲ್ ಮತ್ತು ಅದರ ಮುಂದಿನ ಪರೀಕ್ಷೆ ಬೇರೆಯೇ ಇದೆ.

ಖಾಲಿಹೊಟ್ಟೆಯ ಇನ್ಸುಲಿನ್, ಹೋಮೋಸಿಸ್ಟೀನ್, ಹೈ ಸೆನ್ಸಿಟಿವ್ ಸಿಆರ್‌ಪಿ (ದೇಹದ ಉರಿಯೂತದ ಅಳತೆ), ಮಲದ ಕ್ಯಾಲ್ಪ್ರೊಟೆಕ್ಟಿನ್ (ಕರುಳಿನ ಉರಿಯೂತದ್ದು), ಥೈರಾಯ್ಡಿನ ಆಂಟಿ ಟಿಪಿಒ (ಥೈರಾಯ್ಡಿನ ವಿರುದ್ಧ ಹುಟ್ಟುವ ಪ್ರತಿಕಾಯ) ಇವು ಕಾರಣವಿದ್ದಾಗ ಉಪಯೋಗಕ್ಕೆ ಬರುವಂಥವು. ಆದರೆ ಇವುಗಳಲ್ಲಿ ಕೆಲವು ಬಹಳ ಸುಲಭವಾಗಿ ಕೆಡುತ್ತವೆ. ಮುಂದಿನ ಹಂತಗಳು ಅದಕ್ಕಾಗಿಯೇ.

## ಹಂತ 4: ಲ್ಯಾಬನ್ನು ನಾಲ್ಕು ಪ್ರಶ್ನೆ ಕೇಳಿ

ಬೋರ್ಡಿನಲ್ಲಿ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮುದ್ರೆ ಇದ್ದರೆ ಸಾಲದು. ಆ ಮಾನ್ಯತೆ ಸಿಗುವುದು ಒಂದೊಂದು ಪರೀಕ್ಷೆಗೆ, ಇಡೀ ಕಟ್ಟಡಕ್ಕಲ್ಲ. ಮಾನ್ಯತೆಯ ಪಟ್ಟಿಯಲ್ಲಿ ನಿಮ್ಮ ಪರೀಕ್ಷೆಯ ಹೆಸರು ಇದೆಯೇ ಎಂದು ಎನ್‌ಎಬಿಎಲ್ ಜಾಲತಾಣದಲ್ಲೇ ನೋಡಬಹುದು. ಊರಿನ ಕಲೆಕ್ಷನ್ ಸೆಂಟರ್‌ಗೂ ಪರೀಕ್ಷೆ ನಡೆಯುವ ಲ್ಯಾಬಿಗೂ ವ್ಯತ್ಯಾಸ ಇದೆ ಎಂಬುದು ನೆನಪಿರಲಿ.

ಕೇಳಬೇಕಾದ್ದು ಇಷ್ಟು. ಪರೀಕ್ಷೆ ನಿಜವಾಗಿ ಯಾವ ಊರಿನಲ್ಲಿ ನಡೆಯುತ್ತದೆ? ಯಾವ ಬಣ್ಣದ ಟ್ಯೂಬ್? ಇಲ್ಲೇ ಸೆಂಟ್ರಿಫ್ಯೂಜ್‌ನಲ್ಲಿ (ರಕ್ತದ ಕಣ, ದ್ರವ ಬೇರೆ ಮಾಡುವ ಯಂತ್ರ) ತಿರುಗಿಸುತ್ತೀರಾ, ಹಾಗೆಯೇ ಕಳಿಸುತ್ತೀರಾ? ಗಾಡಿ ಎಷ್ಟು ಗಂಟೆಗೆ ಹೊರಡುತ್ತದೆ? ಮೂರನೆಯದಕ್ಕೆ "ಅದೆಲ್ಲ ಅವರು ನೋಡಿಕೊಳ್ತಾರೆ ಅಕ್ಕ" ಎಂಬ ಉತ್ತರ ಬಂದರೆ ಸಾದಾ ರಕ್ತಪರೀಕ್ಷೆ ಅಲ್ಲಿ ಮಾಡಿಸಿ. ಹೋಮೋಸಿಸ್ಟೀನ್, ಇನ್ಸುಲಿನ್‌ಗೆ ಬೆಳಿಗ್ಗಿನ ರೈಲು ಹತ್ತಿ ಮಂಗಳೂರಿಗೇ ಹೋಗಿ. ಕಾಸರಗೋಡಿನಿಂದ 50 ಕಿಲೋಮೀಟರ್ ಅಷ್ಟೆ.

ಲ್ಯಾಬಿನವರೇ, ಅಥವಾ ಪಟ್ಟಿ ಬರೆದವರೇ, ರಿಪೋರ್ಟಿನ ಜೊತೆ ತಮ್ಮದೇ ಡಬ್ಬಿಯ ಸಪ್ಲಿಮೆಂಟ್ ಮಾರಿದರೆ ಇನ್ನೊಬ್ಬ ಡಾಕ್ಟರ ಮಾತು ಕೇಳಿ.

## ಹಂತ 5: ಮಾತ್ರೆ, ಊಟ, ಹೊತ್ತು

ಡಾಕ್ಟರು ಕೊಟ್ಟ ಯಾವ ಔಷಧಿಯನ್ನೂ ಕೇಳದೆ ನಿಲ್ಲಿಸಬೇಡಿ. ಬಿಪಿ, ಸಕ್ಕರೆ, ಹೃದಯ, ಸ್ಟಿರಾಯ್ಡ್ ಮಾತ್ರೆಗಳಂತೂ ಮುಟ್ಟಬೇಡಿ. ಕೆಳಗಿನದ್ದನ್ನು ಅವರ ಮುಂದಿಟ್ಟು ಕೇಳಿ.

ಬಯೋಟಿನ್. ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ. ಕೂದಲಿನ ಮಾತ್ರೆಗಳಲ್ಲಿ 5 ಅಥವಾ 10 ಮಿಲಿಗ್ರಾಂ ಬಯೋಟಿನ್ ಇರುವುದುಂಟು, ಕೆಲವು ಡಬ್ಬಿಯ ಮೇಲೆ 10,000 ಮೈಕ್ರೋಗ್ರಾಂ ಎಂದು ಬರೆದಿರುತ್ತಾರೆ, ಅದೂ 10 ಮಿಲಿಗ್ರಾಮೇ. ಹಲವು ಯಂತ್ರಗಳು ಹಾರ್ಮೋನು ಅಳೆಯಲು ಬಯೋಟಿನ್ನನ್ನೇ ಬಳಸುತ್ತವೆ. ಹಾಗಾಗಿ ರಕ್ತದಲ್ಲಿ ಅದು ತುಂಬಿದ್ದರೆ ಟಿಎಸ್‌ಎಚ್ ಸುಳ್ಳೇ ಕಮ್ಮಿ, ಥೈರಾಯ್ಡ್ ಹಾರ್ಮೋನು ಟಿ4 ಸುಳ್ಳೇ ಜಾಸ್ತಿ ಎಂದು ಬರುತ್ತದೆ. ಇಲ್ಲದ ಹೈಪರ್ ಥೈರಾಯ್ಡ್ ಹುಟ್ಟಿಕೊಳ್ಳುತ್ತದೆ! ಹೃದಯಾಘಾತ ಪತ್ತೆ ಮಾಡುವ ಟ್ರೊಪೊನಿನ್ ಕೂಡ ಕಮ್ಮಿ ತೋರಿಸಬಹುದು ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಸಿತ್ತು. ಕನಿಷ್ಠ 2 ದಿನ ಬಿಟ್ಟು ರಕ್ತ ಕೊಡಿ. ಡೋಸು ಇನ್ನೂ ಜಾಸ್ತಿಯಿದ್ದರೆ ಮೂರು ದಿನ.

ಥೈರಾಯ್ಡ್ ಮಾತ್ರೆ. ಆ ದಿನದ ಮಾತ್ರೆ ರಕ್ತ ಕೊಟ್ಟ ಮೇಲೆ.

ಬಿ12. ಇಂಜೆಕ್ಷನ್ ಚುಚ್ಚಿಸಿಕೊಂಡು ಆಮೇಲೆ ಅಳೆದರೆ ಅಂಕಿ ಮೇಲೆ ಹೋಗಿರುತ್ತದೆ, ಮೊದಲು ಕೊರತೆ ಇತ್ತೇ ಎಂದು ತಿಳಿಯುವುದಿಲ್ಲ. ಸುಸ್ತು ಎಂದ ತಕ್ಷಣ ಸೂಜಿ ಹಾಕಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಮೊದಲು ರಕ್ತ, ಆಮೇಲೆ ಸೂಜಿ.

ಗ್ಯಾಸಿನ ಮಾತ್ರೆ. ಹೊಟ್ಟೆಹುಣ್ಣು ತರುವ ಎಚ್ ಪೈಲೊರಿ ರೋಗಾಣುವಿಗೆ ಮಲದ ಅಥವಾ ಉಸಿರಿನ ಪರೀಕ್ಷೆ ಇದ್ದರೆ ಪ್ಯಾಂಟೊಪ್ರಜೋಲ್, ಒಮಿಪ್ರಜೋಲ್ ಜಾತಿಯವನ್ನು 2 ವಾರ, ಆಂಟಿಬಯೋಟಿಕ್ 4 ವಾರ ಬಿಟ್ಟಿರಬೇಕು. ಇಲ್ಲದಿದ್ದರೆ ರೋಗಾಣು ಇದ್ದರೂ ಇಲ್ಲ ಎಂದು ಬರುತ್ತದೆ.

ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಲದ ಕ್ಯಾಲ್ಪ್ರೊಟೆಕ್ಟಿನ್ ಅನ್ನು ಏರಿಸುತ್ತವೆ.

ಶೀತ, ಜ್ವರ. ಆ ದಿನಗಳಲ್ಲಿ ಸಿಆರ್‌ಪಿ ಮತ್ತು ಫೆರಿಟಿನ್ ಎರಡೂ ಬೇಡ. ಎರಡೂ ಏರುತ್ತವೆ, ಫೆರಿಟಿನ್ ಏರಿ ಕಬ್ಬಿಣದ ಕೊರತೆಯನ್ನು ಮುಚ್ಚಿಡುತ್ತದೆ. ಗುಣವಾಗಿ 2 ವಾರ ಕಾಯಿರಿ.

ಖಾಲಿಹೊಟ್ಟೆ. ಇನ್ಸುಲಿನ್, ಸಕ್ಕರೆಗೆ 8ರಿಂದ 12 ಗಂಟೆ. ನೀರು ಕುಡಿಯಬಹುದು. ಸಕ್ಕರೆ ಹಾಕದ ಕಟ್ಟನ್ ಚಾಯ (ಹಾಲಿಲ್ಲದ ಚಹಾ) ಕೂಡ ಬೇಡ. ಏಕಾದಶಿಯ ಮರುದಿನ "ಹೇಗೂ ಹೊಟ್ಟೆ ಖಾಲಿ ಇದೆ ಅಲ್ವಾ" ಎಂದು ಹೋಗುವವರಿದ್ದಾರೆ. ಅತಿ ಉದ್ದದ ಉಪವಾಸವೂ ಇನ್ಸುಲಿನ್ ಅಂಕಿಯನ್ನು ಕೆಳಗೆ ಎಳೆಯುತ್ತದೆ. ಅದು ನಿಮ್ಮ ನಿತ್ಯದ ಅಂಕಿ ಅಲ್ಲ.

ಹೊತ್ತು ಮತ್ತು ದಿನ. ಕಾರ್ಟಿಸಾಲ್ ಬೆಳಿಗ್ಗೆ ಮೇಲೆ, ನಡುರಾತ್ರಿ ಕೆಳಗೆ. ರಾತ್ರಿ ಪಾಳಿಯವರಿಗೆ ಇದು ತಲೆಕೆಳಗಾಗಬಹುದು. ಗಲ್ಫಿನಿಂದ ಬಂದ ಮರುದಿನವೇ ರಕ್ತ ಕೊಡಬೇಡಿ, ನಿದ್ದೆಯ ಹೊತ್ತು ಸರಿಯಾಗಲಿ. ಗಂಡಸರ ಟೆಸ್ಟೊಸ್ಟೆರಾನ್ ಬೆಳಿಗ್ಗೆ, ಕಮ್ಮಿ ಬಂದರೆ ಇನ್ನೊಂದು ದಿನ ಮತ್ತೊಮ್ಮೆ. ಹೆಂಗಸರಿಗೆ ಎಫ್‌ಎಸ್‌ಎಚ್, ಎಲ್‌ಎಚ್ ಮುಟ್ಟಿನ 2 ಅಥವಾ 3ನೇ ದಿನ. ಪ್ರೊಜೆಸ್ಟೆರಾನ್ ಮುಂದಿನ ಮುಟ್ಟಿಗೆ ಸುಮಾರು 7 ದಿನ ಮೊದಲು. "21ನೇ ದಿನ" ಎಂಬುದು 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ ಮಾತ್ರ. 35 ದಿನದವರು 28ನೇ ದಿನ ಹೋಗಬೇಕು.

ಮೀನು. ಆರ್ಸೆನಿಕ್ ಪರೀಕ್ಷೆಗೆ ಮುಂಚೆ 5 ದಿನ ಕಡಲಿನದ್ದು ಯಾವುದೂ ಬೇಡ. ಬಂಗುಡೆ, ಸಿಗಡಿ, ಮರುವಾಯಿ ತಿಂದವರ ಮೂತ್ರದಲ್ಲಿ ಆರ್ಸೆನಿಕ್ ಏರುತ್ತದೆ, ಆದರೆ ಅದು ಹಾನಿಯಿಲ್ಲದ ಬಗೆ. ಒಟ್ಟು ಆರ್ಸೆನಿಕ್ ಜಾಸ್ತಿ ಬಂದರೆ ಯಾವ ಬಗೆಯದು ಎಂದು ಬೇರ್ಪಡಿಸಿ ಅಳೆಯಲು ಕೇಳಿ. ಕರಾವಳಿಯವರ ರಿಪೋರ್ಟಿನಲ್ಲಿ ಇದನ್ನು ನೋಡದೆ ಡಿಟಾಕ್ಸ್ ಶುರು ಮಾಡಿಸಿದರೆ ಅದು ದೊಡ್ಡ ತಪ್ಪು.

ಬಾಳೆಹಣ್ಣು, ಅನಾನಸು. ಆರ್ಗ್ಯಾನಿಕ್ ಆಸಿಡ್ ಪ್ಯಾನೆಲ್‌ನಲ್ಲಿ 5-ಎಚ್‌ಐಎಎ (ದೇಹದ ಸಿರೊಟೊನಿನ್ ಒಡೆದು ಬರುವ ವಸ್ತು) ಎಂಬ ಸಾಲು ಇದ್ದರೆ, ಮುಂಚಿನ 2-3 ದಿನ ಇವು, ಟೊಮೆಟೊ, ಅಕ್ರೋಟು ಬಿಡಿ.

## ಹಂತ 6: ಸ್ಯಾಂಪಲ್ ಕೊಡುವುದು

### ರಕ್ತ

ಟ್ಯೂಬಿನ ಮೇಲೆ ಹೆಸರು, ದಿನ, ಗಂಟೆ ನಿಮ್ಮ ಕಣ್ಣೆದುರೇ ಬರೆಸಿ. ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿ ಮಾಡಿ ಬಿಡಬೇಡಿ, ಪೊಟ್ಯಾಸಿಯಂ ಏರುತ್ತದೆ.

ಹೋಮೋಸಿಸ್ಟೀನ್‌ಗೆ ವಿಶೇಷ ಕಾಳಜಿ ಬೇಕು. ತೆಗೆದ ರಕ್ತ ಹಾಗೇ ಇದ್ದರೆ ಕೆಂಪು ಕಣಗಳು ಹೋಮೋಸಿಸ್ಟೀನ್ ಬಿಡುತ್ತಲೇ ಇರುತ್ತವೆ, ಗಂಟೆಗೆ ಸುಮಾರು 10 ಶೇಕಡ ಏರುತ್ತದೆ. ಪೆರ್ಲದಲ್ಲಿ ಬೆಳಿಗ್ಗೆ 7ಕ್ಕೆ ತೆಗೆದು, ಬ್ಯಾಗಿನಲ್ಲಿಟ್ಟು, ಮಧ್ಯಾಹ್ನ ಮಂಗಳೂರು ತಲುಪಿದರೆ ಅಂಕಿ ಎಷ್ಟಾಗಿರುತ್ತದೆ ಎಂದು ನೀವೇ ಯೋಚಿಸಿ. ಟ್ಯೂಬು ತಕ್ಷಣ ನೀರು ಬೆರೆತ ಐಸಿಗೆ ಹೋಗಬೇಕು, ಒಂದು ಗಂಟೆಯೊಳಗೆ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಬೇಕು.

ಸಕ್ಕರೆ ಇದಕ್ಕೆ ತದ್ವಿರುದ್ಧ. ಕಣಗಳು ಅದನ್ನು ತಿಂದು ಗಂಟೆಗೆ 5ರಿಂದ 7 ಶೇಕಡ ಇಳಿಸುತ್ತವೆ. ಬೂದು ಮುಚ್ಚಳದ ಟ್ಯೂಬು ಇರುವುದು ಅದಕ್ಕೇ.

ತಿರುಗಿಸಿದ ಮೇಲೆ ಮೇಲಿನ ದ್ರವ ತಿಳಿ ಹಳದಿ ಇರಬೇಕು. ನಸುಗೆಂಪಾಗಿದ್ದರೆ ಕಣಗಳು ಒಡೆದಿವೆ ಎಂದು ಅರ್ಥ. ಇನ್ಸುಲಿನ್ ಸುಳ್ಳೇ ಕಮ್ಮಿ, ಪೊಟ್ಯಾಸಿಯಂ ಸುಳ್ಳೇ ಜಾಸ್ತಿ. ಆಗಲೇ ಮತ್ತೊಮ್ಮೆ ತೆಗೆಯಲು ಹೇಳಿ, ರಿಪೋರ್ಟು ಬಂದ ಮೇಲೆ ಜಗಳ ಮಾಡಿ ಏನು ಪ್ರಯೋಜನ?

ಲೋಹಗಳ ಪರೀಕ್ಷೆಗೆ ಕಡುನೀಲಿ ಮುಚ್ಚಳದ ಬೇರೆಯೇ ಟ್ಯೂಬಿದೆ. ಸಾದಾ ಟ್ಯೂಬಿನ ರಬ್ಬರಿನಿಂದಲೇ ಸತು ಸೇರಿಕೊಳ್ಳುತ್ತದೆ.

### 24 ಗಂಟೆಯ ಮೂತ್ರ

ಭಾನುವಾರ ಬೆಳಿಗ್ಗೆ 6ಕ್ಕೆ ಎದ್ದು ಮೊದಲ ಮೂತ್ರವನ್ನು ಚೆಲ್ಲಿ, ಗಂಟೆ ಬರೆಯಿರಿ. ಆಮೇಲೆ ಹೋಗುವ ಪ್ರತಿ ಹನಿಯೂ ಕ್ಯಾನಿಗೆ. ಸೋಮವಾರ ಬೆಳಿಗ್ಗೆ 6ರ ಮೂತ್ರವೂ ಕ್ಯಾನಿಗೆ, ಅಲ್ಲಿಗೆ ಮುಗಿಯಿತು. ಎರಡು ದಿನದ ಮೊದಲ ಮೂತ್ರವನ್ನೂ ಹಾಕುವುದು, ಇಲ್ಲವೇ ಎರಡನ್ನೂ ಬಿಡುವುದು, ಇವೆರಡು ಎಲ್ಲರೂ ಮಾಡುವ ತಪ್ಪು. ಮಲಕ್ಕೆ ಹೋಗುವಾಗ ಬರುವ ಮೂತ್ರ ತಪ್ಪಿಹೋಗುತ್ತದೆ, ಮೊದಲೇ ಬೇರೆಯಾಗಿ ಹಿಡಿದಿಡಿ. ಕ್ಯಾನಿನ ಅಡಿಯಲ್ಲಿ ಸ್ವಲ್ಪ ದ್ರವವಿದ್ದರೆ ಅದು ಆಸಿಡ್. ತೊಳೆದು ಚೆಲ್ಲಬೇಡಿ, ಕೈಗೆ ತಾಗಿಸಬೇಡಿ, ಮಕ್ಕಳಿಗೆ ಸಿಗದ ಕಡೆ ಇಡಿ. ಮದುವೆ, ಉಪನಯನ, ಕೋಲ ಇರುವ ದಿನ ಇದನ್ನು ಹಚ್ಚಿಕೊಳ್ಳಬೇಡಿ.

### ಮಲ

ಕಮೋಡಿನ ನೀರು ತಾಗಬಾರದು, ಮೂತ್ರ ಬೆರೆಯಬಾರದು. ಶುಚಿಯಾದ ಒಣ ಪ್ಲಾಸ್ಟಿಕ್ ಹಾಳೆ ಹಾಸಿ. ಅಡಿಕೆ ಹಾಳೆ ಕೈಗೆ ಸಿಗುತ್ತದೆ ಎಂದು ಅದನ್ನು ಬಳಸಬೇಡಿ. ಮಳೆಗಾಲದ ಹಾಳೆಯಲ್ಲಿ ಬೂಸ್ಟು ಇದ್ದೇ ಇರುತ್ತದೆ, ರಿಪೋರ್ಟಿನಲ್ಲಿ ಫಂಗಸ್ ಎಂದು ಬಂದರೆ ಅದು ಹಾಳೆಯದೋ ಹೊಟ್ಟೆಯದೋ ಯಾರಿಗೆ ಗೊತ್ತು? ಮೂರು ಜಾಗದಿಂದ ಸ್ವಲ್ಪ ಸ್ವಲ್ಪ ತೆಗೆದು ಗೆರೆಯವರೆಗೆ ಮಾತ್ರ ತುಂಬಿ. ನೀರಾಗಿ ಹೋಗುವ ದಿನ ಎಲಾಸ್ಟೇಸ್ (ಮೇದೋಜೀರಕದ ಕಿಣ್ವ) ಪರೀಕ್ಷೆ ಬೇಡ, ಸುಳ್ಳೇ ಕಮ್ಮಿ ಬರುತ್ತದೆ.

### ಜೊಲ್ಲು

ಅರ್ಧ ಗಂಟೆ ಮುಂಚಿನಿಂದ ತಿನ್ನಬೇಡಿ, ಕುಡಿಯಬೇಡಿ, ಹಲ್ಲುಜ್ಜಬೇಡಿ. ವಸಡಿನ ರಕ್ತ ಬೆರೆತರೆ ಅಂಕಿ ಕೆಡುತ್ತದೆ. ಎಲೆಯಡಿಕೆ ಹಾಕುವವರು ಹಿಂದಿನ ದಿನದಿಂದಲೇ ಬಿಡಬೇಕು. ಟ್ಯೂಬಿನಲ್ಲಿ ಕೆಂಪು ಛಾಯೆ ಕಂಡರೆ ಲ್ಯಾಬಿನವರು ವಾಪಸ್ ಕಳಿಸಬಹುದು. ಕೆಮ್ಮಿಗೆ ಅತಿಮಧುರ ಜಗಿಯುವವರ ಕಾರ್ಟಿಸಾಲ್ ಏರಿ ಬರುತ್ತದೆ. ತುರಿಕೆಗೆ ಸ್ಟಿರಾಯ್ಡ್ ಕ್ರೀಮು ಹಚ್ಚಿದ ಕೈಯಲ್ಲಿ ಟ್ಯೂಬು ಮುಟ್ಟಬೇಡಿ. ಪ್ರತಿ ಟ್ಯೂಬಿನ ಮೇಲೆ ನಿಜವಾಗಿ ತೆಗೆದ ಗಂಟೆ ಬರೆಯಿರಿ, ತೆಗೆಯಬೇಕಾಗಿದ್ದ ಗಂಟೆಯನ್ನಲ್ಲ.

### ಒಣಗಿಸುವ ಕಾರ್ಡು

ಬೆರಳಿನ ರಕ್ತ ಅಥವಾ ಮೂತ್ರವನ್ನು ಕಾಗದಕ್ಕೆ ಹಾಕಿ ಒಣಗಿಸಿ ಕಳಿಸುವ ಕಿಟ್‌ಗಳಿವೆ. ರಕ್ತದ ಕಾರ್ಡು ಕನಿಷ್ಠ 3 ಗಂಟೆ ಮಟ್ಟಸವಾಗಿ ಒಣಗಬೇಕು, ನೆರಳಿನಲ್ಲಿ. ಅಂಗಳದ ಬಿಸಿಲು, ಒಲೆಯ ಮೇಲಿನ ಅಟ್ಟ, ಹೇರ್ ಡ್ರೈಯರ್ ಯಾವುದೂ ಬೇಡ. ಆಟಿ ತಿಂಗಳ ಮಳೆಯಲ್ಲಿ ಅದು ಮೂರು ಗಂಟೆಯಲ್ಲಿ ಒಣಗುವುದಿಲ್ಲ. ಒದ್ದೆ ಕಾರ್ಡನ್ನು ಕವರಿಗೆ ಹಾಕಿದರೆ ಹಾಳು. ಸಾಧ್ಯವಾದರೆ ಇಂಥ ಕಿಟ್ಟನ್ನು ಮಳೆಗಾಲ ಕಳೆದ ಮೇಲೆ ಮಾಡಿ. ಆಗುವುದಿಲ್ಲ ಎಂದರೆ ಫ್ಯಾನಿನ ಕೆಳಗೆ ಜಾಸ್ತಿ ಹೊತ್ತು ಒಣಗಿಸಿ, ತೇವ ಹೀರುವ ಪೊಟ್ಟಣ ಹಾಕಿ ಮುಚ್ಚಿ.

## ಹಂತ 7: ಸಾಗಾಟ

ಸೋಮವಾರದಿಂದ ಬುಧವಾರದೊಳಗೆ ಸ್ಯಾಂಪಲ್ ಕೊಡಿ. ಶುಕ್ರವಾರ ಕೊಟ್ಟದ್ದು ಭಾನುವಾರ ಎಲ್ಲೋ ಗೋಡೌನಿನಲ್ಲಿ ಕೂತಿರುತ್ತದೆ. ಹಿಂದಿನ ರಾತ್ರಿ ಮರುದಿನ ಹರತಾಳ ಇದೆಯೇ ಎಂದು ನೋಡಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಈ ಒಂದು ಸಾಲನ್ನು ಯಾವ ಲ್ಯಾಬಿನ ಸೂಚನೆಯೂ ಹೇಳುವುದಿಲ್ಲ.

ಎಲ್ಲ ಟ್ಯೂಬನ್ನೂ ಐಸಿಗೆ ಹಾಕುವುದೂ ತಪ್ಪು. ತಿರುಗಿಸದ ರಕ್ತವನ್ನು ತಣ್ಣಗಿಟ್ಟರೆ ಪೊಟ್ಯಾಸಿಯಂ ಏರುತ್ತದೆ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕಿಗೆ ಟ್ಯೂಬು ತಾಗಿಕೊಂಡಿದ್ದರೆ ರಕ್ತ ಐಸಿನಂತೆ ಗಟ್ಟಿಯಾಗಿ ಕಣಗಳು ಒಡೆಯುತ್ತವೆ. ನಡುವೆ ಒಂದು ಬಟ್ಟೆ ಇರಲಿ. ಯಾವುದಕ್ಕೆ ಐಸ್, ಯಾವುದಕ್ಕೆ ಬೇಡ ಎಂಬುದನ್ನೂ ಹಂತ 4ರ ನಾಲ್ಕು ಪ್ರಶ್ನೆಗಳ ಜೊತೆಗೇ ಕೇಳಿ ಬರೆದುಕೊಂಡಿರಬೇಕು.

## ಹಂತ 8: ರಿಪೋರ್ಟು ಓದುವುದು

ಮೊದಲು ಅಂಕಿ ನೋಡಬೇಡಿ. ಹೆಸರು, ವಯಸ್ಸು, ಸ್ಯಾಂಪಲ್ ತೆಗೆದ ಗಂಟೆ, ಲ್ಯಾಬಿಗೆ ತಲುಪಿದ ಗಂಟೆ, ಕೊನೆಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿ ನೋಡಿ. "ಹೀಮೊಲೈಸ್ಡ್" (ಕಣಗಳು ಒಡೆದಿವೆ) ಎಂದು ಬರೆದಿದ್ದರೆ ಆ ಇನ್ಸುಲಿನ್ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎರಡನೆಯದು, ಅಳತೆಯ ಮಾನ. ಗಲ್ಫಿನ ಹಳೆಯ ರಿಪೋರ್ಟನ್ನು ಮಂಗಳೂರಿನ ರಿಪೋರ್ಟಿನ ಪಕ್ಕ ಇಟ್ಟು ಗಾಬರಿಯಾಗುವವರು ನಮ್ಮಲ್ಲಿ ಬಹಳ. ಅಲ್ಲಿ ವಿಟಮಿನ್ ಡಿ 60 ಇತ್ತು, ಇಲ್ಲಿ 24ಕ್ಕೆ ಇಳಿದಿದೆ ಎನ್ನುತ್ತಾರೆ. ಇಳಿದಿಲ್ಲ. ಅದು ನ್ಯಾನೊಮೋಲ್ ಲೆಕ್ಕ, ಇದು ನ್ಯಾನೊಗ್ರಾಂ ಲೆಕ್ಕ. 60ನ್ನು 2.5ರಿಂದ ಭಾಗಿಸಿದರೆ 24. ಸಕ್ಕರೆಯೂ ಹಾಗೆ: ಅಲ್ಲಿಯ 5.5ನ್ನು 18ರಿಂದ ಗುಣಿಸಿದರೆ ಇಲ್ಲಿಯ 99.

ಇನ್ಸುಲಿನ್ ಇದ್ದರೆ ಹೋಮಾ ಲೆಕ್ಕ (ದೇಹ ಇನ್ಸುಲಿನ್‌ಗೆ ಎಷ್ಟು ಮಣಿಯುತ್ತಿಲ್ಲ ಎಂಬ ಅಂದಾಜು) ಮನೆಯಲ್ಲೇ ಹಾಕಬಹುದು: ಖಾಲಿಹೊಟ್ಟೆಯ ಸಕ್ಕರೆ ಗುಣಿಸು ಇನ್ಸುಲಿನ್, ಭಾಗಿಸು 405. ಸಕ್ಕರೆ 95, ಇನ್ಸುಲಿನ್ 12 ಆದರೆ 2.8. ಇನ್ಸುಲಿನ್ ಅಳೆಯುವ ಯಂತ್ರಗಳು ಲ್ಯಾಬಿನಿಂದ ಲ್ಯಾಬಿಗೆ ಬೇರೆ, ಹಾಗಾಗಿ ನಿಮ್ಮ 2.8ನ್ನು ಭಾವನ 2.1ರ ಜೊತೆ ಹೋಲಿಸಬೇಡಿ.

ಎಚ್‌ಬಿಎ1ಸಿ ಓದುವಾಗ ಹಿಮೋಗ್ಲೋಬಿನ್ ಪಕ್ಕದಲ್ಲಿರಲಿ. ಕಬ್ಬಿಣದ ಕೊರತೆಯಲ್ಲಿ ಅದು ಸ್ವಲ್ಪ ಏರಿ ಕಾಣಬಹುದು, ರಕ್ತಕಣ ಬೇಗ ಒಡೆಯುವ ಕಾಯಿಲೆಗಳಲ್ಲಿ ಇಳಿದು ಕಾಣುತ್ತದೆ. ಸಿಆರ್‌ಪಿ 10 ದಾಟಿದ್ದರೆ ಹೃದಯದ ಲೆಕ್ಕ ಬಿಟ್ಟು ಮೊದಲು ಸೋಂಕು ಹುಡುಕಿ.

ಫಂಕ್ಷನಲ್ ಮೆಡಿಸಿನ್‌ನವರು ಲ್ಯಾಬಿನ ಮಿತಿಯ ಒಳಗೇ ಇನ್ನೊಂದು ಕಿರಿದಾದ "ಆಪ್ಟಿಮಲ್" ಮಿತಿ ಹಾಕುತ್ತಾರೆ. ಮಿತಿ ಕಿರಿದಾದಷ್ಟೂ ಕೆಂಪು ಅಕ್ಷರ ಜಾಸ್ತಿ, ಹಂತ 2ರ ಲೆಕ್ಕ ಮತ್ತೆ ನೋಡಿ. ಆ ಮಿತಿ ಎಲ್ಲಿಂದ ಬಂತು, ಅದರೊಳಗೆ ತಂದವರಿಗೆ ನಿಜಕ್ಕೂ ಗುಣವಾಗಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

## ಹಂತ 9: ಮತ್ತೆ ಯಾವಾಗ

ತಿಂಗಳು ತಿಂಗಳು ಬೇಡ. ಥೈರಾಯ್ಡ್ ಮಾತ್ರೆಯ ಡೋಸು ಬದಲಿಸಿದರೆ ಟಿಎಸ್‌ಎಚ್ 6ರಿಂದ 8 ವಾರಕ್ಕೆ. ವಿಟಮಿನ್ ಡಿ, ಎಚ್‌ಬಿಎ1ಸಿ 3 ತಿಂಗಳಿಗೆ. ಸಿಆರ್‌ಪಿ ಜಾಸ್ತಿ ಬಂದಿದ್ದರೆ 2 ವಾರ ಬಿಟ್ಟು ಇನ್ನೊಮ್ಮೆ. ಆಂಟಿ ಟಿಪಿಒ ಒಮ್ಮೆ ಪಾಸಿಟಿವ್ ಬಂದರೆ ಸಾಕು, ಅದು ಏರಿತೇ ಇಳಿಯಿತೇ ಎಂದು ನೋಡುತ್ತಾ ಕೂರುವುದರಿಂದ ಚಿಕಿತ್ಸೆ ಬದಲಾಗದು.

ಮತ್ತೆ ಮಾಡಿಸುವಾಗ ಅದೇ ಲ್ಯಾಬ್, ಅದೇ ಹೊತ್ತು, ಅದೇ ತಯಾರಿ. ಫೋನಿನಲ್ಲಿ ರಿಪೋರ್ಟು ಉಳಿಸುವಾಗ ಫೈಲಿನ ಹೆಸರಿನಲ್ಲಿ ದಿನಾಂಕ, ಲ್ಯಾಬ್, ಖಾಲಿಹೊಟ್ಟೆ ಹೌದೋ ಅಲ್ಲವೋ, ಆ ವಾರ ತಿಂದ ಮಾತ್ರೆ ಇಷ್ಟನ್ನು ಸೇರಿಸಿ. ಮುಂದಿನ ಸಲ ಡಾಕ್ಟರು ಮೊದಲು ಕೇಳುವುದು ಅದನ್ನೇ.